ನಸರಿ ಜೇನಿಗೆ ಸೋಮವಾರದ ಸೂಟಿ

ಅಡರಕಟ್ಟಿಯ ಅಂದಪ್ಪನಿಗೆ ಒಂದು ಚಾಳಿ ಇತ್ತು. ಕುಡಿತವಲ್ಲ, ಇಸ್ಪೀಟಲ್ಲ, ಅವು ಆಗಿದ್ದರೆ ಊರಿನಲ್ಲಿ ಜೊತೆಗಾರರಾದರೂ ಸಿಗುತ್ತಿದ್ದರು. ಯಾರಾದರೂ ಒಂದು ಮಾತು ಹೇಳಿದರೆ ಅದು ತಲೆಗೆ ಹತ್ತುವ ಮೊದಲೇ ಊರ ಕಟ್ಟೆಗೆ ಒಯ್ದು, ತನ್ನ ಕಡೆಯಿಂದ ಒಂದಿಷ್ಟು ಸೇರಿಸಿ, ಎಲ್ಲರೆದುರು ಬಿಚ್ಚಿಡುವುದು ಅವನ ಚಾಳಿ. ಬಿಚ್ಚಿಟ್ಟದ್ದನ್ನು ಮತ್ತೆ ಮಡಚಿ ಒಳಗಿಡುವುದು ಅವನಿಗೆ ಬರುತ್ತಿರಲಿಲ್ಲ. ಆಡಿದ ಮೇಲೆ ಹಿಂದೆಗೆಯಬಾರದು ಎಂಬ ಹಟ ಬೇರೆ. ಹೀಗಾಗಿ ಮುಂದಿನದನ್ನೆಲ್ಲ ಅವನೇ ಅನುಭವಿಸಬೇಕಾಗುತ್ತಿತ್ತು. ಅವನ ಹೆಂಡತಿ ಸುಮಿತ್ರವ್ವ ಅನುಭವಿಸುತ್ತಿದ್ದಳು ಎಂದರೆ ಇನ್ನೂ ಸರಿಯಾದೀತು.

ನಮ್ಮ ಗದಗ ಸೀಮೆಯಲ್ಲಿ ಗಾಳಿಗೆ ಬರವಿಲ್ಲ. ಗುಡ್ಡದ ಮೇಲೆಲ್ಲ ಗಾಳಿಯಂತ್ರಗಳು ನಿಂತು ಹಗಲೂ ರಾತ್ರಿ ತಿರುಗುತ್ತವೆ. ಒಣಹಾಕಿದ ಧೋತರ ಪಕ್ಕದ ಊರಿನಲ್ಲಿ ಸಿಗುತ್ತದೆ. ಇಂಥ ಸೀಮೆಯಲ್ಲಿ ಅಂದಪ್ಪ ಗಾಳಿ ಒಳಗೆ ಬಾರದ ಹಾಗೆ ಹೊಲದ ಒಂದು ತುಂಡಿಗೆ ಪ್ಲಾಸ್ಟಿಕ್ ಹೊದಿಸಿ ಪಾಲಿಹೌಸ್ ಕಟ್ಟಿಸಿದ. ಊರವರು ಅದನ್ನು 'ಪ್ಲಾಸ್ಟಿಕ್ ಮನಿ' ಎಂದು ಕರೆದರು. ಒಳಗೆ ಭಜಿ ಮೆಣಸಿನಕಾಯಿಯ ಸಸಿ ಹಚ್ಚಿದ. ಮಿರ್ಚಿ ಭಜಿಗೆ ಪ್ರಾಣ ಬಿಡುವ ಗದಗ-ಬೆಟಗೇರಿ ಮಂದಿ ಇರುವವರೆಗೆ ತನಗೆ ಚಿಂತೆಯಿಲ್ಲ ಎಂದು ಕಟ್ಟೆಯ ಮೇಲೆ ಸಾರಿದ. ಗಿಡ ಬೆಳೆದವು, ಹೂವೂ ಬಿಟ್ಟವು. ಆದರೆ ಕಾಯಿ ಮಾತ್ರ ಮುದುರಿಕೊಂಡು, ಸೊಟ್ಟಗೆ, ಹಿಟ್ಟಿನಲ್ಲಿ ಅದ್ದಲು ತೊಟ್ಟು ಯಾವುದು ತುದಿ ಯಾವುದು ತಿಳಿಯದಂತೆ ಬಂದವು. ನೋಡಿದವರೊಬ್ಬರು, ಒಳಗೆ ಗಾಳಿಯಾಡುವುದಿಲ್ಲ, ಹೂವು ಅಲುಗಾಡದಿದ್ದರೆ ಕಾಯಿ ಹೀಗೇ, ದಿನಾ ಮುಂಜಾನೆ ಗಿಡ ಕಟ್ಟಿದ ತಂತಿಗೆ ಕೋಲಿನಿಂದ ಮೆಲ್ಲಗೆ ಬಡಿಯಬೇಕು ಎಂದರು.

ಅಂದರೆ, ಪುಕ್ಕಟೆ ಸಿಗುವ ಗಾಳಿಯನ್ನು ಹೊರಗೆ ನಿಲ್ಲಿಸಿ, ಒಳಗೆ ಗಾಳಿಯ ಕೆಲಸಕ್ಕೆ ಒಬ್ಬ ಆಳನ್ನು ಇಡಬೇಕಾಯಿತು. ಮೊದಲ ದಿನ ಅಂದಪ್ಪನೇ ಕೋಲು ಹಿಡಿದ. ಅವನ ಕೈ ಎಷ್ಟು ನಾಜೂಕೆಂದರೆ, ಒಂದು ಸಾಲು ಮುಗಿಯುವುದರೊಳಗೆ ಹೂವು ಉದುರಿ, ಟೊಂಗೆ ಮುರಿದು, ತಂತಿಯೇ ಕಳಚಿ ಬಿತ್ತು. ಅಂದು ಸಂಜೆ, 'ಇದು ಹೆಣ್ಣಮಕ್ಕಳ ಕೈಯಾಗಿನ ಕೆಲಸ' ಎಂದು ಕಟ್ಟೆಯ ಮೇಲೆ ಹೇಳಿಬಿಟ್ಟ. ಹೇಳಿದ ಮೇಲೆ ಮುಗಿಯಿತು. ಅಂದಿನಿಂದ ಕೋಲು ಸುಮಿತ್ರವ್ವನ ಕೈಗೆ ಬಂತು.

ತಂತಿ ಆಳೆತ್ತರಕ್ಕಿಂತ ಮೇಲೆ. ದಿನಾ ಕೈ ಮೇಲೆತ್ತಿ ಸಾಲು ಸಾಲು ಬಡಿದು ಬಡಿದು ಮಳೆಗಾಲದ ಹೊತ್ತಿಗೆ ಅವಳ ಬಲಗೈ ರಟ್ಟೆ ಹಿಡಿದುಕೊಂಡಿತು. ತಲೆ ಬಾಚಿಕೊಳ್ಳಲೂ ಎಡಗೈಯೇ ಬೇಕಾಯಿತು. ಲಕ್ಷ್ಮೇಶ್ವರದ ಡಾಕ್ಟರು, ಈ ಕೈಯನ್ನು ಹೆಗಲಿಗಿಂತ ಮೇಲೆತ್ತಿದರೆ ಮುಂದೆ ಎತ್ತಲಿಕ್ಕೆ ಕೈಯೇ ಬರುವುದಿಲ್ಲ ಎಂದರು. ಅಂದಪ್ಪನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಅವಳು ಎಡಗೈಯಲ್ಲಿ ಹೆರಳು ಹಾಕಿಕೊಳ್ಳಲು ಒದ್ದಾಡುವುದನ್ನು ಕಂಡಾಗ ಅವನ ಕರುಳು ಚುರುಕ್ ಎಂದಿತು.

"ಸುಮಿತ್ರಾ, ನಾ ಇದಕ್ಕೊಂದು ವ್ಯವಸ್ಥಾ ಮಾಡತೀನಿ. ಆಮ್ಯಾಲೆ ನೀ ಕೋಲು ಮುಟ್ಟೂ ಹಂಗಿಲ್ಲ. ಆಣಿ ಮಾಡಿ ಹೇಳ್ತೀನಿ."

"ಕಟ್ಟಿ ಮ್ಯಾಲೆ ಹೋಗಿ ಹೇಳಬ್ಯಾಡ್ರಿ ಮತ್ತ," ಎಂದಳು ಸುಮಿತ್ರವ್ವ. "ಮೊದಲು ಮಾಡ್ರಿ."

ಗದಗಿನಲ್ಲಿ ರೈತರಿಗೆ ಒಂದು ತರಬೇತಿ ನಡೆಯಿತು. ಅಲ್ಲಿ ಶಿವರಂಜನಿ ಎಂಬ ಜೇನಿನ ಮೇಡಂ ಚಪ್ಪಲಿ ಡಬ್ಬಿಯಷ್ಟು ದೊಡ್ಡದಾದ ಒಂದು ಕಟ್ಟಿಗೆ ಪೆಟ್ಟಿಗೆ ತೋರಿಸಿದರು. ಅದರ ಮುಂದೆ ಮೇಣದ ಒಂದು ಪುಟ್ಟ ಕೊಳವೆ. ಕೊಳವೆಯಿಂದ ನುಸಿಯಷ್ಟೇ ದೊಡ್ಡ ಕರೀ ಹುಳುಗಳು ಹೋಗಿಬರುತ್ತಿದ್ದವು. ಹಳೇ ಮನೆಗಳ ಗೋಡೆಯ ಸಂದಿಯಲ್ಲಿ ಗೂಡು ಕಟ್ಟುವ ನಸರಿ ಜೇನು.

"ಇವಕ್ಕ ಮುಳ್ಳಿಲ್ರಿ, ಕಡಿಯಂಗಿಲ್ಲ," ಎಂದರು ಮೇಡಂ. "ದೊಡ್ಡ ಜೇನು ಪಾಲಿಹೌಸಿನ್ಯಾಗ ಇಟ್ರ ಪ್ಲಾಸ್ಟಿಕ್ಕಿಗೆ ಬಡಕೊಂಡು ಸಾಯ್ತಾವು. ಇವು ಸಣ್ಣವು, ಒಳಗ ಹೊಂದಿಕೊಳ್ತಾವು. ಮೆಣಸಿನ ಹೂವಿಗೆ ಕುಂತು ಎದ್ದು, ಕುಂತು ಎದ್ದು, ನೀವು ಕೋಲಿಲೆ ಮಾಡೋ ಕೆಲಸಾ ತಾವ ಮಾಡ್ತಾವು. ಔಷಧ ಗಿವ್ಷಧ ಹೊಡದು ಕೊಲ್ಲಬ್ಯಾಡ್ರಿ ಮತ್ತ. ನಿಮ್ಮ ಎತ್ತಿದ್ದಂಗ ತಿಳಕೊಂಡು ಜ್ವಾಕಿ ಮಾಡ್ರಿ."

ಔಷಧದ ಮಾತು ಅಂದಪ್ಪನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಎತ್ತಿನ ಮಾತು ಮಾತ್ರ ಎದೆಯಲ್ಲಿ ನಾಟಿ ನಿಂತಿತು.

ಅಂಥದೇ ಒಂದು ಪೆಟ್ಟಿಗೆ ಕೊಂಡು, ತಿರುಗಿ ಬರುವಾಗ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವನನ್ನು ಕಂಡಕ್ಟರು, "ಏನೈತಿ ಯಜಮಾನ್ರ ಅದರಾಗ?" ಎಂದು ಕೇಳಿದ.

"ಎತ್ತು," ಎಂದ ಅಂದಪ್ಪ.

ಕಂಡಕ್ಟರು ಪೆಟ್ಟಿಗೆಯನ್ನು ನೋಡಿದ. ಅಂದಪ್ಪನನ್ನು ನೋಡಿದ. "ಎಷ್ಟದಾವ್ರಿ?"

"ಎಣಿಸಿಲ್ಲ. ಸಾವಿರದ ಮ್ಯಾಲೆ ಇರಬೇಕು."

ನೋಡಲಿಕ್ಕೆ ಸುಧಾರಿಸಿದವನಂತೆ ಕಾಣುತ್ತಾನೆ, ಬಿಸಿಲು ಜಾಸ್ತಿ ಎಂದುಕೊಂಡು ಕಂಡಕ್ಟರು ಮುಂದಿನ ಸೀಟಿಗೆ ಹೋದ.

ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಮನೆಯ ನಡುವೆ ಒಂದು ಕಂಬದ ಮೇಲೆ ಇಟ್ಟದ್ದಾಯಿತು. ಎರಡು ದಿನ ಹುಳುಗಳು ಹೊಸ ಜಾಗ ನೋಡಿಕೊಂಡವು. ಮೂರನೆಯ ದಿನದಿಂದ ಕೆಲಸಕ್ಕೆ ಇಳಿದವು. ಬಿಳೀ ಹೂವಿನ ಮೇಲೆಲ್ಲ ಕರೀ ಚುಕ್ಕೆಗಳು. ಸುಮಿತ್ರವ್ವ ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನೋಡುತ್ತ ನಿಂತಳು. ಮದುವೆಯಾದಾಗಿನಿಂದ ಗಂಡ ಹೇಳಿದ್ದು ಹೇಳಿದಂತೆ ನಡೆದದ್ದು ಅವಳ ನೆನಪಿನಲ್ಲಿ ಇದೇ ಮೊದಲು. ಅವಳಿಗೆ ಸಂತೋಷವಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಹೆದರಿಕೆ ಸುಳ್ಳಾಗಲಿಲ್ಲ. ಅಂದಪ್ಪ ಕಟ್ಟೆಗೆ ಹೋಗಿದ್ದ.

"ನೀವೆಲ್ಲಾ ಎರಡೆರಡು ಎತ್ತು ಕಟ್ಟೀರಿ," ಎಂದ ಕಾಲ ಮೇಲೆ ಕಾಲು ಹಾಕಿ. "ನಾ ಸಾವಿರ ಎತ್ತು ಕಟ್ಟೀನಿ. ಮೇವು ಬ್ಯಾಡ, ನೀರು ಬ್ಯಾಡ, ಬಾರುಕೋಲು ಬ್ಯಾಡ. ಗದಗಿನ ಮೇಡಮ್ಮಾರ ಸ್ವತಾ ಹೇಳ್ಯಾರ, ಅಂದಪ್ಪಾರ, ಇವು ಎತ್ತು, ಎತ್ತಂತನ ತಿಳೀರಿ ಅಂತ."

ಕಟ್ಟೆಯ ಮೇಲೆ ದ್ಯಾಮಪ್ಪ ಕೂತಿದ್ದ. ಅಂದಪ್ಪನಿಗೆ ಅಣ್ಣತಮ್ಮಿಕೆಯಲ್ಲಿ ಕಾಕಾ ಆಗಬೇಕು. ಊರಿನ ರೂಢಿ, ನೇಮ, ಮಡಿ, ಮೈಲಿಗೆಯ ವಿಷಯದಲ್ಲಿ ಕೊನೆಯ ಮಾತು ಅವನದು. ಅವನನ್ನು ಆ ಕೆಲಸಕ್ಕೆ ಯಾರೂ ನೇಮಿಸಿರಲಿಲ್ಲ, ಹಾಗಾಗಿ ತೆಗೆದುಹಾಕುವುದೂ ಸಾಧ್ಯವಿರಲಿಲ್ಲ. ಅಂದು ಅವನು ಎಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಸೋಮವಾರ ಮುಂಜಾನೆ ದ್ಯಾಮಪ್ಪ ಪ್ಲಾಸ್ಟಿಕ್ ಮನೆಯ ಬಾಗಿಲಲ್ಲಿ ಪ್ರತ್ಯಕ್ಷನಾದ. ಒಳಗೆ ನಸರಿಗಳು ಭರದಿಂದ ಹೂವು ಹತ್ತಿ ಇಳಿಯುತ್ತಿದ್ದವು.

"ಅಂದಪ್ಪಾ, ಇವತ್ತ ಯಾವ ವಾರಲೇ?"

"ಸ್ವಾಮಾರ, ಕಾಕಾ."

"ಸ್ವಾಮಾರ ನಮ್ಮೂರಾಗ ಯಾರರೆ ಎತ್ತಿನ ಹೆಗಲ ಮ್ಯಾಲೆ ನೊಗ ಇಟ್ಟದ್ದು ಕಂಡೀಯೇನು?"

"ಇಲ್ಲ ಕಾಕಾ. ಬಸವಣ್ಣನ ವಾರ. ಯಾರ ಇಡ್ತಾರ?"

"ಮತ್ತ ನೀ ಸಾವಿರ ಎತ್ತು ಹೂಡಿ ನಿಂತೀಯಲ್ಲ!"

ಅಂದಪ್ಪ ಬಾಯಿ ತೆರೆದ. ಇವು ಎತ್ತಲ್ಲ, ಹುಳು ಎನ್ನಬಹುದಿತ್ತು. ಹಾಗೆ ಅಂದರೆ ಕಟ್ಟೆಯ ಮೇಲೆ ಹೇಳಿದ್ದು ಸುಳ್ಳಾಗುತ್ತಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ.

"ಎರಡು ಎತ್ತಿನ ಪಾಪಾನ ತೊಳಕೊಳ್ಳಾಕ ಆಗಂಗಿಲ್ಲ. ಸಾವಿರ ಎತ್ತಿಂದು ಎಲ್ಲಿ ಹೋಗಿ ತೊಳಕೋತೀ?" ದ್ಯಾಮಪ್ಪನ ಧ್ವನಿಯಲ್ಲಿ ನಿಜವಾದ ಕಳವಳವಿತ್ತು. "ಊರಿಗೆ ಮಳಿ ಗಿಳಿ ಹಿಂದ ಸರದ್ರ ಮಂದಿ ಯಾರ ಹೆಸರು ಹೇಳ್ಬೇಕು?"

ಮರುವಾರದಿಂದ ಸೋಮವಾರ ನಸುಕಿನಲ್ಲಿ ಅಂದಪ್ಪ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಪೆಟ್ಟಿಗೆಗೂ ಮೂರು ಬೆರಳು ವಿಭೂತಿ ಎಳೆದು, ಮೇಣದ ಕೊಳವೆಯ ಬಾಯಿಗೆ ಹಳೇ ಅರಿವೆಯ ಚಿಂದಿ ತುರುಕತೊಡಗಿದ. ಒಳಗೆ ಸಾವಿರ ಎತ್ತುಗಳು ಗುಂಯ್ ಎಂದು ಗೊಣಗುತ್ತಿದ್ದವು. ಭಕ್ತಿಯಿಂದ ಭಜನೆ ಮಾಡುತ್ತಿವೆ ಎಂದು ಅಂದಪ್ಪ ತಿಳಿದ.

ಆದರೆ ಗಿಡಕ್ಕೆ ಯಾವ ವಾರವೂ ಗೊತ್ತಿಲ್ಲ. ಸೋಮವಾರವೂ ಅದು ಎಂದಿನಂತೆ ಹೂವು ಬಿಟ್ಟಿತು. ಅಂದಪ್ಪ ಬಾಗಿಲ ಮೂಲೆಯ ಕೋಲನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

"ಸುಮಿತ್ರಾ, ಇದೊಂದ ದಿನ..."

"ಆಣಿ ಮಾಡಿದ್ರಿ."

"ಬಸವಣ್ಣನ ವಾರ ಐತಿ. ಅವು ಬಾಯಿ ಇಲ್ಲದ ಜೀವಾ."

"ನನಗ ಬಾಯಿ ಐತೆಂತ ಕೈನೂ ಇರಬೇಕೇನು?" ಎನ್ನುತ್ತ ಸುಮಿತ್ರವ್ವ ಕೋಲು ತೆಗೆದುಕೊಂಡಳು. ಎಡಗೈಯಲ್ಲಿ ಬಡಿಯತೊಡಗಿದಳು. ಎಡಗೈಯ ಏಟು ಹೂವಿಗೆ ತಾಗುತ್ತಿತ್ತು, ಆದ್ದರಿಂದ ನಡುನಡುವೆ ಬಲಗೈಗೇ ಬದಲಾಯಿಸಬೇಕಾಗುತ್ತಿತ್ತು. ಅವಳು ಹಲ್ಲು ಕಚ್ಚುವುದು ಅಂದಪ್ಪನಿಗೆ ಕಾಣುತ್ತಿತ್ತು. ಅವನು ಬೇರೆ ಕಡೆ ನೋಡಿದ.

ಒಂದು ದಿನವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅಮಾವಾಸ್ಯೆ ಬಂತು, ಅಮಾವಾಸ್ಯೆಯಂದು ಗಳೆ ಹೂಡುವ ಪದ್ಧತಿಯಿಲ್ಲ ಎಂದು ದ್ಯಾಮಪ್ಪ ಹೇಳಿ ಕಳಿಸಿದ. ಕೊಳವೆಗೆ ಚಿಂದಿ ಬಿತ್ತು, ಕೋಲು ಎದ್ದಿತು. ಊರಲ್ಲಿ ಹಿರಿಯರೊಬ್ಬರು ತೀರಿಕೊಂಡರು; ಮಣ್ಣಾಗುವವರೆಗೆ ಊರಿನ ಎತ್ತು ಹೊಲಕ್ಕೆ ಹೋಗುವುದಿಲ್ಲ. ಮತ್ತೆ ಚಿಂದಿ, ಮತ್ತೆ ಕೋಲು. ಇಷ್ಟರ ಮೇಲೆ ಪಕ್ಕದ ಹೊಲದ ಗಾಳೆಪ್ಪ ಬಂದ.

"ಅಂದಪ್ಪಣ್ಣಾ, ನನ್ನ ಹೀರೀಬಳ್ಳಿ ಹೂವಿಗೆ ಬಂದೈತಿ. ಎರಡು ದಿನಾ ನಿನ್ನ ಎತ್ತು ಕೊಡು."

"ಇವನ್ನ ಹೆಂಗ ಕೊಡಾಕ ಬರ್ತೈತೋ?"

"ಯಾಕ ಬರಂಗಿಲ್ಲ? ಬಿತ್ತೋ ಮುಂದ ನಾ ನನ್ನ ಜೋಡೆತ್ತು ನಿನಗ ಕೊಟ್ಟಿಲ್ಲ? ಎತ್ತು ಅಂದ ಮ್ಯಾಲೆ ಕೊಟ್ಟು ತಗೊಳ್ಳೋದು ಇದ್ದದ್ದ. ಅಥವಾ ಎತ್ತ ಅಲ್ಲಂತೀಯೋ?"

ಅಂದಪ್ಪ ಎತ್ತಲ್ಲ ಎನ್ನಲಿಲ್ಲ. ಗಾಳೆಪ್ಪ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬದು ದಾಟಿ ತನ್ನ ಹೀರೇಬಳ್ಳಿಯ ಚಪ್ಪರದ ಕೆಳಗೆ ಇಟ್ಟ. ನಸರಿಗಳು ಹೊರಗೆ ಬಂದವು, ಒಂದು ಸುತ್ತು ಹೊಡೆದವು, ನೆಟ್ಟಗೆ ಹಾರಿ ಪ್ಲಾಸ್ಟಿಕ್ ಮನೆಯ ತೆರೆದ ಬಾಗಿಲಿನಿಂದ ಒಳಹೊಕ್ಕು, ಪೆಟ್ಟಿಗೆ ಇಲ್ಲದ ಬರೀ ಕಂಬದ ಸುತ್ತ ಕರೀ ಮೋಡದಂತೆ ತಿರುಗತೊಡಗಿದವು. ನಿನ್ನೆಯವರೆಗೆ ಇದ್ದ ಮನೆಯನ್ನು ಮರೆಯುವ ಜಾತಿ ಅಲ್ಲ ಅದು. ಗಾಳೆಪ್ಪ ಬದುವಿನಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ:

"ಅಂದಪ್ಪಣ್ಣಾ! ನಿನ್ನ ಎತ್ತು ಹಗ್ಗಾ ಹರಕೊಂಡು ಬಂದಾವು! ಹಿಡಿಯೋ!"

ಅಂದಪ್ಪ ಒಂದು ಮೊರ ಹಿಡಿದುಕೊಂಡು ಕಂಬದ ಸುತ್ತ ಓಡಾಡಿದ. ಹತ್ತಾರು ಎತ್ತುಗಳು ಅವನ ಕಿವಿ, ಮೂಗು, ಕೂದಲು ಹೊಕ್ಕವು. ಕಡಿಯುವುದಿಲ್ಲವೆಂಬುದು ನಿಜ, ಆದರೆ ಕಿವಿಯೊಳಗೆ ಎತ್ತು ನಡೆದಾಡಿದರೆ ಹೇಗಿರುತ್ತದೆಂದು ಆ ದಿನ ಅವನಿಗೆ ಚೆನ್ನಾಗಿ ತಿಳಿಯಿತು. ಸಂಜೆ ಪೆಟ್ಟಿಗೆ ತಿರುಗಿ ಬಂತು. ಆ ಹಗಲೆಲ್ಲ ಕೋಲು ಹಿಡಿದವಳು ಯಾರೆಂದು ಹೇಳಬೇಕಾಗಿಲ್ಲ.

"ನಿಮ್ಮ ಎತ್ತು ವಾರದಾಗ ದುಡಿಯೋದು ಎಷ್ಟ ದಿನಾ, ಸೂಟಿ ಎಷ್ಟ ದಿನಾ, ಒಂಚೂರು ಲೆಕ್ಕಾ ಹೇಳ್ರಿ," ಎಂದು ಸುಮಿತ್ರವ್ವ ಅಂದು ಊಟಕ್ಕೆ ಬಡಿಸುವಾಗ ಕೇಳಿದಳು. ಎಡಗೈಯಲ್ಲಿ ಬಡಿಸುತ್ತಿದ್ದಳು. ಸಾರು ತಾಟಿನ ಹೊರಗೆ ಬಿತ್ತು. ಅಂದಪ್ಪ ಅದನ್ನು ತಾನೇ ಒರೆಸಿದ. ಆದರೂ ಕಟ್ಟೆಗೆ ಹೋಗಿ, 'ಅವು ಹುಳು' ಎಂದು ಹೇಳುವ ಧೈರ್ಯ ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವನ ಕೀರ್ತಿ ಹಬ್ಬಿಬಿಟ್ಟಿತ್ತು.

ಕೆಲಸ ಮಾಡಿದ ದಿನಗಳಲ್ಲಿ ಮಾತ್ರ ನಸರಿಗಳು ಮೋಸ ಮಾಡಿರಲಿಲ್ಲ. ಕಾಯಿ ಗೇಣುದ್ದ, ನೆಟ್ಟಗೆ, ಹೊಳಪಾಗಿ ಬಂದಿದ್ದವು. ಲಕ್ಷ್ಮೇಶ್ವರದ ಸಂತೆಯಲ್ಲಿ ಭಜಿ ಕರಿಯುವ ಜನ್ನತಬಿ ಒಂದನ್ನು ಎತ್ತಿ ಹಿಡಿದು, "ಯಾ ಅಲ್ಲಾ, ಇದು ಮೆಣಸಿನಕಾಯೋ ಅಳತಿ ಕೋಲೋ!" ಎಂದು ಉದ್ಗರಿಸಿದಳು. ಸುದ್ದಿ ಯಳವತ್ತಿ ದಾಟಿ ಶಿರಹಟ್ಟಿಗೆ ಹೋಯಿತು. ಸಾವಿರ ಎತ್ತಿನ ಅಂದಪ್ಪನನ್ನು ನೋಡಲು ಮಂದಿ ಬರತೊಡಗಿದರು.

ಅವರು ಬರುತ್ತಿದ್ದುದು ಸೋಮವಾರ. ಬೇರೆ ಯಾವ ದಿನ ಬಂದಾರು? ಉಳಿದ ದಿನ ಎತ್ತಿನ ಹಿಂದೆ ಹೊಲದಲ್ಲಿರುತ್ತಾರೆ. ನಮ್ಮ ಕಡೆ ಹೆಣ್ಣು ನೋಡುವುದು, ಪಂಚಾಯ್ತಿ ಕೂಡುವುದು, ಕೋರ್ಟು ಕಚೇರಿ, ಕಟಿಂಗ್ ಎಲ್ಲಕ್ಕೂ ಸೋಮವಾರವೇ ಬಿಡುವು. ಹೀಗಾಗಿ ನೋಡಲು ಬಂದವರಿಗೆ ಕಾಣುತ್ತಿದ್ದುದು ಇಷ್ಟೇ: ವಿಭೂತಿ ಹಚ್ಚಿದ ಒಂದು ಪೆಟ್ಟಿಗೆ, ಅದರ ಬಾಯಲ್ಲಿ ಚಿಂದಿ, ಮತ್ತು ಸಾಲಿನ ಕೊನೆಯಲ್ಲಿ ಕೋಲು ಹಿಡಿದು ತಂತಿ ಬಡಿಯುವ ಒಬ್ಬ ಹೆಣ್ಣುಮಗಳು. ಒಂದು ತಿಂಗಳಲ್ಲಿ ಅಂದಪ್ಪನ ಜೇನಿನ ಹೆಸರು ಸುತ್ತ ಹತ್ತೂರಿಗೆ ಗೊತ್ತಾಯಿತು. ನೋಡಲು ಬಂದವರಲ್ಲಿ ಜೇನನ್ನು ಕಂಡವರು ಮಾತ್ರ ಒಬ್ಬರೂ ಇರಲಿಲ್ಲ. ಪೆಟ್ಟಿಗೆ ಖಾಲಿ ಇದೆಯಂತೆ ಎಂಬ ಮಾತು ಹುಟ್ಟಿಕೊಂಡಿತು. ಹುಟ್ಟಿಸಿದವನು ಗಾಳೆಪ್ಪ ಇರಬೇಕೆಂದು ಅಂದಪ್ಪನಿಗೆ ಸಂಶಯ.

ಆಗ ಶಿವರಂಜನಿ ಮೇಡಂ ಫೋನು ಬಂತು.

"ಅಂದಪ್ಪಾರ, ಡೋಣಿ, ಮುಂಡರಗಿ ಕಡೆ ರೈತರನ್ನ ಕರಕೊಂಡು ನಿಮ್ಮ ಪಾಲಿಹೌಸ್ ನೋಡಾಕ ಬರ್ತೀನಿ. ಜೇನು ಹೂವಿನ ಮ್ಯಾಲೆ ಕೆಲಸಾ ಮಾಡೋದು ಅವರು ಕಣ್ಣಾರೆ ನೋಡಬೇಕ್ರಿ. ಬರೋ ಸ್ವಾಮಾರ."

"ಮಂಗಳವಾರ ಬರ್ರಿ ಮೇಡಮ್ಮಾರ! ಮಂಗಳವಾರ ಭಾಳ ಛಲೋ ಇರ್ತಾವು!"

"ಮಂಗಳವಾರ ಬಂದ್ರ ನಾನು, ಡ್ರೈವರು ಇಬ್ಬರ ಬರ್ತೀವಿ. ಯಾರು ಗಳೆ ಬಿಟ್ಟು ಬರ್ತಾರ್ರಿ? ಸ್ವಾಮಾರ ಪಕ್ಕಾ. ಊಟದ್ದು ಒಂಚೂರು ನೋಡ್ಕೋರಿ."

ಅಂದಪ್ಪ ಫೋನು ಇಟ್ಟು ಕೂತಲ್ಲೇ ಕೂತ. ಚಿಂದಿ ತೆಗೆದರೆ ಊರಿಗೆ ಪಾಪಿ. ತೆಗೆಯದಿದ್ದರೆ ಮೇಡಂ ಎದುರು ಸುಳ್ಳ. ಎರಡರ ನಡುವೆ ಹೆಂಡತಿಗೆ ಮಾಡಿದ ಆಣೆ. ಮೂರನ್ನೂ ಒಟ್ಟಿಗೆ ವಿಚಾರ ಮಾಡುವುದು ಅವನ ತಲೆಗೆ ಹೊರೆಯಾಯಿತು; ಆದ್ದರಿಂದ ಒಂದನ್ನೂ ವಿಚಾರ ಮಾಡದೆ ಸೋಮವಾರದ ದಾರಿ ಕಾಯ್ದ.

ಸೋಮವಾರ ಬಂತು. ಒಂದು ಟೆಂಪೊ ತುಂಬ ರೈತರು ಇಳಿದರು. ಎಲ್ಲರೂ ಇಸ್ತ್ರಿ ಅಂಗಿ, ಟೊಪ್ಪಿಗೆ. ಮುಂದೆ ಶಿವರಂಜನಿ ಮೇಡಂ. ಅಡಿಗೆಗೆಂದು ಗಾಳೆಪ್ಪನ ಹೆಂಡತಿ ತಿಪ್ಪವ್ವನೂ ದ್ಯಾಮಪ್ಪನ ಹೆಂಡತಿಯೂ ಬಂದು ಪ್ಲಾಸ್ಟಿಕ್ ಮನೆಯ ಹೊರಗೆ ಒಲೆ ಹೂಡಿ ಹಿಟ್ಟು ನಾದುತ್ತಿದ್ದರು. ಒಳಗೆ ಪೆಟ್ಟಿಗೆಯ ಪಕ್ಕದಲ್ಲಿ ಬೋರಲು ಹಾಕಿದ ಬುಟ್ಟಿಯ ಮೇಲೆ, ಕೈಯಲ್ಲಿ ಬಡಿಗೆ ಹಿಡಿದು, ದ್ಯಾಮಪ್ಪ ಆಸೀನನಾಗಿದ್ದ.

ಮೇಡಂ ಪೆಟ್ಟಿಗೆ ನೋಡಿ ಬೆಚ್ಚಿದರು. "ಇದೇನ್ರಿ ಅಂದಪ್ಪಾರ? ಬಾಯಿಗೆ ಅರಿವಿ ಯಾಕ ತುರುಕೀರಿ?"

"ಸ್ವಾಮಾರ್ರಿ," ಎಂದ ಅಂದಪ್ಪ ಸಣ್ಣ ಧ್ವನಿಯಲ್ಲಿ. "ನೀವ ಹೇಳಿದ್ರಿ, ಎತ್ತು ಅಂತ ತಿಳೀರಿ ಅಂತ."

"ಔಷಧ ಹೊಡಿಬ್ಯಾಡ್ರಿ ಅನ್ನಾಕ ಹಂಗ ಹೇಳಿದ್ದು! ಜೇನಿಗೆ ಯಾವ ವಾರಾರೀ? ಒಳಗ ಧಗಿಗೆ ಸಾಯ್ತಾವು, ತಗೀರಿ ಅದನ್ನ!"

ಅಂದಪ್ಪ ಚಿಂದಿಗೆ ಕೈ ಹಾಕಿದ. ದ್ಯಾಮಪ್ಪನ ಬಡಿಗೆ ಅಡ್ಡ ಬಂತು.

"ಮೇಡಂ, ನೀವು ಕಲತೋರು. ನಾ ಕಲತಿಲ್ಲ," ಎಂದು ಆರಂಭಿಸಿದ. ಹಾಗೆ ಆರಂಭಿಸಿದವರು ಬೇಗ ಮುಗಿಸುವುದಿಲ್ಲ. "ಆದ್ರ ದುಡಿಯೋ ಜೀವಕ್ಕ ವಾರಕ್ಕೊಂದು ದಿನಾ ವಿಶ್ರಾಂತಿ ಬೇಕು. ನಮ್ಮ ಹಿರ್ಯಾರು ಮಾಡಿಟ್ಟ ಧರ್ಮ ಅದು. ಮಾತು ಬರಲಾರದ ಜೀವಾ ತನ್ನ ನೋವು ಹೇಳಂಗಿಲ್ಲ. ನಾವ ತಿಳಕೊಂಡು ಹೆಗಲ ಮ್ಯಾಲಿನ ಭಾರ ಇಳಸಬೇಕು. ಯಾವ ಮನ್ಯಾಗ ದುಡಿಯೋ ಜೀವಕ್ಕ ಸ್ವಾಮಾರ ಇಲ್ಲೋ, ಆ ಮನಿ ಮನೀನ ಅಲ್ಲ!"

"ಖರೆ ಮಾತು!" ಎಂದರು ಡೋಣಿಯ ರೈತರು. "ನಮ್ಮ ಕಡೇನೂ ಹಂಗರಿ. ಸ್ವಾಮಾರ ನೊಗ ಮುಟ್ಟಂಗಿಲ್ಲ." ಜೇನು ನೋಡಲು ಬಂದವರು ಜೇನು ಕಾಣದ್ದಕ್ಕೆ ಬೇಸರಪಡುವ ಬದಲು ಅಂದಪ್ಪನ ಧರ್ಮಬುದ್ಧಿಗೆ ತಲೆದೂಗಿದರು. ಒಬ್ಬನಂತೂ ಚಪ್ಪಲಿ ಕಳಚಿ ಪೆಟ್ಟಿಗೆಗೆ ಕೈಮುಗಿದ. ಮೇಡಂ ಹಣೆ ಒತ್ತಿಕೊಂಡರು. ಅಂದಪ್ಪನಿಗೆ ಒಂದು ಕ್ಷಣ, ಎಲ್ಲವೂ ಸುಸೂತ್ರ ಮುಗಿಯಿತು ಎನಿಸಿತು.

ಆಗ ಮುಂಡರಗಿ ಕಡೆಯ ಒಬ್ಬ ಮುದುಕ ಕಿವಿ ನಿಮಿರಿಸಿದ. "ಅದೇನು ಟಣ್ ಟಣ್ ಸಪ್ಪಳಾ?"

ಎಲ್ಲರೂ ತಿರುಗಿದರು. ಗಿಡಗಳ ಮರೆಯಲ್ಲಿ ಸುಮಿತ್ರವ್ವ ಕೋಲು ಎತ್ತಿ ತಂತಿ ಬಡಿಯುತ್ತಿದ್ದಳು. ಒಮ್ಮೆ ಬಡಿದು, ಕೋಲು ಇಳಿಸಿ, ಎಡಗೈಯಿಂದ ಬಲರಟ್ಟೆ ಹಿಡಿದುಕೊಂಡು, ಮತ್ತೆ ಎತ್ತುತ್ತಿದ್ದಳು. ತನ್ನನ್ನು ಇಷ್ಟು ಮಂದಿ ನೋಡುತ್ತಿದ್ದಾರೆಂದು ತಿಳಿದಾಗ ನಿಲ್ಲಿಸಿದಳು. ದ್ಯಾಮಪ್ಪನ ಮಾತನ್ನೆಲ್ಲ ಅವಳು ಅಲ್ಲಿಂದಲೇ ಕೇಳಿಸಿಕೊಂಡಿದ್ದಳು. ನಿಧಾನವಾಗಿ ಸಾಲಿನಿಂದ ಹೊರಗೆ ಬಂದು, ಸೆರಗು ಸರಿ ಮಾಡಿಕೊಂಡು ನಿಂತಳು.

"ಮಾವಾರ, ಒಂದು ಮಾತು ಕೇಳ್ಲ್ಯಾ?"

"ಕೇಳವಾ."

"ದುಡಿಯೋ ಜೀವಕ್ಕ ವಾರಕ್ಕೊಂದು ದಿನಾ ಅಂದ್ರಿ. ಆ ಲೆಕ್ಕದಾಗ ನಾ ಬರ್ತೀನೋ ಇಲ್ಲೋ?"

ದ್ಯಾಮಪ್ಪ ಕೆಮ್ಮಿದ. ರೂಢಿಯ ಪ್ರತಿಯೊಂದು ಮೂಲೆಯೂ ಅವನಿಗೆ ಬಾಯಿಪಾಠವಿತ್ತು. ಈ ಮೂಲೆಗೆ ಮಾತ್ರ ಅವನು ಎಂದೂ ಹೋಗಿರಲಿಲ್ಲ. "ಅದು... ನೀ ಮನೀ ಹೆಣ್ಣಮಗಳು ಅಲ್ಲೇನವಾ... ನೀ ಬ್ಯಾರೆ, ಎತ್ತು ಬ್ಯಾರೆ..."

"ಬ್ಯಾರೆ ಖರೆ," ಎಂದಳು ಸುಮಿತ್ರವ್ವ. "ಎತ್ತಿನ ಹೆಗಲು ಬಾತ್ರ ನೀವು ಓಡಿ ಬರ್ತೀರಿ."

ಅವಳು ಕೋಲನ್ನು ಗಂಡನ ಕಾಲ ಬಳಿ ಇಟ್ಟಳು. ಜಗಳಕ್ಕೆ ಬಿದ್ದವಳಂತೆ ಎಸೆಯಲಿಲ್ಲ. ದ್ಯಾಮಪ್ಪ ಗಾಬರಿಯಲ್ಲಿ ಎದ್ದು ನಿಂತಿದ್ದ. ಖಾಲಿಯಾದ ಅವನ ಬುಟ್ಟಿಯ ಮೇಲೆ ಸುಮಿತ್ರವ್ವ ಕೂತಳು. "ಇವತ್ತ ಸ್ವಾಮಾರ," ಎಂದಳು.

ಹೊರಗೆ ಒಲೆಯ ಮುಂದೆ ರೊಟ್ಟಿ ತಟ್ಟುವ ಸಪ್ಪಳ ನಿಂತಿತು. ತಿಪ್ಪವ್ವ ಕೈ ತೊಳೆದುಕೊಂಡು ಒಳಗೆ ಬಂದು ಸುಮಿತ್ರವ್ವನ ಪಕ್ಕ ನೆಲದ ಮೇಲೆ ಕೂತಳು. ಅವಳ ಹಿಂದೆ ದ್ಯಾಮಪ್ಪನ ಹೆಂಡತಿ ಮೊಣಕಾಲು ಹಿಡಿದುಕೊಳ್ಳುತ್ತ ಬಂದು, ಗಂಡನ ಮುಖ ನೋಡದೆ, "ಸರೀಲೇ ಒಂಚೂರು, ನನಗೂ ಜಾಗಾ ಮಾಡು," ಎಂದಳು.

ಅಂದಪ್ಪನ ಎದುರು ಈಗ ಎಲ್ಲರೂ ಇದ್ದರು. ಮಾತು ತಿರುಗಿಸಬಲ್ಲವನಾಗಿದ್ದರೆ ಏನಾದರೂ ಹೇಳುತ್ತಿದ್ದ. ಆದರೆ ಬುಟ್ಟಿಯ ಮೇಲೆ ಕೂತ ಹೆಂಡತಿ ರಟ್ಟೆ ತಿಕ್ಕಿಕೊಳ್ಳುವುದನ್ನು ನೋಡಿ ಅವನಿಗೆ ಅಳುವೇ ಬಂದಂತಾಯಿತು. ತಾನು ಆಣೆ ಮಾಡಿದ್ದು ಇವಳಿಗೆ, ಉಳಿಸಿಕೊಂಡದ್ದು ಊರಿಗೆ ಆಡಿದ ಮಾತನ್ನು ಎಂದು ಅವನಿಗೆ ಥಟ್ಟನೆ ತಿಳಿಯಿತು. ಬಗ್ಗಿ ಕೋಲು ಎತ್ತಿಕೊಂಡ. ಸಾಲಿಗೆ ಹೋಗಿ ಬಡಿದ. ಮೂರು ಹೂವು ಉದುರಿದವು.

"ಮೆಲ್ಲಕ!" ಎಂದಳು ಸುಮಿತ್ರವ್ವ ಕೂತಲ್ಲಿಂದಲೇ. "ಗಿಡಕ್ಕಲ್ರಿ, ತಂತಿಗೆ!"

ಶಿವರಂಜನಿ ಮೇಡಂ ಈಗ ನಕ್ಕರು. ರೈತರ ಕಡೆ ತಿರುಗಿ, "ಎತ್ತಿಗೆ ಸೂಟಿ ಐತಿ. ಅಕ್ಕಾರಿಗೂ ಸೂಟಿ ಆತು. ಗಂಡಸರಿಗೆ ಸ್ವಾಮಾರ ಸೂಟಿ ಅಂತ ನಿಮ್ಮ ರೂಢ್ಯಾಗ ಐತೇನ್ರಿ?" ಎಂದು ಕೇಳಿದರು. ಎಲ್ಲರೂ ದ್ಯಾಮಪ್ಪನನ್ನು ನೋಡಿದರು. ರೂಢಿಯಲ್ಲಿ ಹಾಗೇನೂ ಇರಲಿಲ್ಲ.

ಹೀಗೆ ಆ ದಿನ ಡೋಣಿ, ಮುಂಡರಗಿಯಿಂದ ಜೇನಿನ ಕೆಲಸ ಕಣ್ಣಾರೆ ನೋಡಲು ಬಂದ ರೈತರು ಇಸ್ತ್ರಿ ಅಂಗಿಯ ತೋಳು ಮಡಚಿ, ಕೈಗೆ ಸಿಕ್ಕ ಕಡ್ಡಿ ಕಟ್ಟಿಗೆ ಹಿಡಿದು, ತಾವೇ ಜೇನಿನ ಕೆಲಸ ಮಾಡಿದರು. ಮಜಾ ನೋಡಲು ಬಂದಿದ್ದ ಗಾಳೆಪ್ಪ ಒಂದು ಸಾಲು, ದ್ಯಾಮಪ್ಪ ಬಡಿಗೆ ಸಮೇತ ಒಂದು ಸಾಲು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ರಟ್ಟೆಯೂ ಬಿದ್ದುಹೋಯಿತು. ಊಟಕ್ಕೆ ಚುರಮರಿ, ಹಸಿಮೆಣಸಿನಕಾಯಿ, ನೀರು. ಹೆಂಗಸರು ಮೂವರೂ ಪೆಟ್ಟಿಗೆಯ ಪಕ್ಕ ಕೂತು ಮಾತಾಡಿದರು.

ಈ ಸುದ್ದಿ ಟೆಂಪೊಗಿಂತ ಮೊದಲೇ ಊರು ಮುಟ್ಟಿತು. ಮುಂದಿನ ಸೋಮವಾರ ದ್ಯಾಮಪ್ಪನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅವನು ಹೊತ್ತೇರುವ ಮೊದಲೇ, ಹೊಟ್ಟೆ ಹಿಡಿದುಕೊಂಡು, ಪ್ಲಾಸ್ಟಿಕ್ ಮನೆಗೆ ಬಂದ. ಅಂದಪ್ಪ ಆಗತಾನೆ ವಿಭೂತಿ ಹಚ್ಚಿ ಚಿಂದಿ ತುರುಕಿ ಮುಗಿಸಿದ್ದ. ಸುಮಿತ್ರವ್ವ ಬುಟ್ಟಿಯ ಮೇಲೆ ಕೂತು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದಳು. ಕೊಳವೆಯ ಹೊರಗೇ ಉಳಿದ ಒಂದು ನಸರಿ ಪೆಟ್ಟಿಗೆಯ ಮೇಲೆ ಹರಿದಾಡುತ್ತಿತ್ತು. ದ್ಯಾಮಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ಅದನ್ನೇ ನೋಡಿದ.

"ಅಂದಪ್ಪಾ, ಎತ್ತಿಗೆ ಕಾಲೆಷ್ಟು?"

"ನಾಕು, ಕಾಕಾ."

"ಇದಕ್ಕ ಆರು ಅದಾವಲೇ. ಎಣಿಸಿ ನೋಡು. ಇದು ಎತ್ತ ಅಲ್ಲ!" ಎನ್ನುತ್ತ ದ್ಯಾಮಪ್ಪ ತನ್ನ ಕೈಯಾರೆ ಚಿಂದಿ ಎಳೆದು ಬಿಸಾಡಿದ. ನಸರಿಗಳು ಬುಳುಬುಳು ಹೊರಗೆ ಬಂದು ಹೂವಿಗೆ ನುಗ್ಗಿದವು. "ಇನ್ನ ಮ್ಯಾಲೆ ಇಲ್ಲಿ ಸ್ವಾಮಾರ ಗೀಮಾರ ಏನೂ ಇಲ್ಲ. ಊರಿಗೆಲ್ಲಾ ಹೇಳಿಬಿಡು. ದುಡಿಯಾಕ ಬಂದ ಜೀವಾ ದುಡೀಬೇಕು." ಕೊನೆಯ ಮಾತು ಹೇಳುವಾಗ ಅವನ ಕಣ್ಣು ಮೆಲ್ಲಗೆ ಬುಟ್ಟಿಯ ಕಡೆ ಹೊರಳಿತು.

"ಭಾಳ ಛಲೋ ಆತು ಮಾವಾರ," ಎಂದಳು ಸುಮಿತ್ರವ್ವ. "ಆರು ಕಾಲಿನ್ವು ದುಡೀಲಿ. ನನಗ ಇರಾವು ಎರಡ. ನನ್ನ ಸ್ವಾಮಾರ ಹಂಗ ಇರ್ಲಿ."

ದ್ಯಾಮಪ್ಪ ಎರಡು ಕಾಲಿನ ವಿಷಯದಲ್ಲಿ ಏನಾದರೂ ನೆನಪಾಗುತ್ತದೋ ಎಂದು ಸ್ವಲ್ಪ ಹೊತ್ತು ನಿಂತ. ನೆನಪಾಗಲಿಲ್ಲ. ಹಸಿದ ಹೊಟ್ಟೆಯಲ್ಲಿ ಊರ ಕಡೆ ನಡೆದ.

ಅಂದಪ್ಪ ಹೂವಿನ ಮೇಲೆ ಕೂತೇಳುವ ನಸರಿಗಳನ್ನು ನೋಡಿದ, ಮೂಲೆಗೆ ಒರಗಿದ ಕೋಲು ನೋಡಿದ, ಹೆಂಡತಿಯನ್ನು ನೋಡಿದ. ಎಲ್ಲವೂ ಕೊನೆಗೆ ಸರಿಹೋಯಿತೆಂದು ಅವನಿಗೆ ಸಮಾಧಾನವಾಯಿತು.

"ಸುಮಿತ್ರಾ, ಹಂಗಾರ ಇವತ್ತ ರೊಟ್ಟಿ?"

"ಹಿಟ್ಟು ಡಬ್ಬ್ಯಾಗೈತಿ ನೋಡ್ರಿ," ಎಂದಳು ಸುಮಿತ್ರವ್ವ.